ಸಿಗರೇಟು ಬಿಡಲು ಗಮ್ಮೋ, ಪ್ಯಾಚೋ, ಮಾತ್ರೆಯೋ, ಫೋನೋ?

ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ? ಸಿಗರೇಟು ಬಿಡಬೇಕು, ಏನಾದರೂ ಕೊಡಿ ಎಂದು ನಮ್ಮ ಮೆಡಿಕಲ್ ಸ್ಟೋರಿಗೆ ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ ಇದು. ದಿನಕ್ಕೆ ಎಷ್ಟು ಸೇದುತ್ತೀರಿ ಅನ್ನೋದು ಆಮೇಲಿನ ಮಾತು. ಅಂಗಡಿ ಇರೋದು ಬೇಲೂರಿನಲ್ಲಿ. ಅತ್ತ ಹಾಸನ, ಇತ್ತ ಚಿಕ್ಕಮಗಳೂರು. ತೋಟದ ರೈಟರುಗಳು, ಲಾರಿ ಡ್ರೈವರುಗಳು, ಮೇಷ್ಟ್ರುಗಳು, ಕಾಲೇಜು ಹುಡುಗರು, ಎಲ್ಲರೂ ಬರುತ್ತಾರೆ. ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿಕೊಂಡು ಬಂದು, ದನಿ ತಗ್ಗಿಸಿ ಕೇಳುತ್ತಾರೆ. ಸೇದುವಾಗ ಬಸ್‌ಸ್ಟ್ಯಾಂಡಿನಲ್ಲೇ ನಿಂತು ಸೇದಿದವರಿಗೆ ಬಿಡುವಾಗ ಮಾತ್ರ ಎಲ್ಲಿಲ್ಲದ ನಾಚಿಕೆ.

ಎದ್ದು 5 ನಿಮಿಷದೊಳಗೆ, ಮುಖ ತೊಳೆಯುವ ಮೊದಲೇ ಬೇಕು ಅನ್ನುವವರ ಮೈಗೇ ನಿಕೋಟಿನ್, ಅಂದರೆ ತಂಬಾಕಿನಲ್ಲಿ ಚಟ ಹಿಡಿಸುವ ಅಂಶ, ಹಿಡಿದಿರುತ್ತದೆ. ರಾತ್ರಿಯೆಲ್ಲ ಸಿಕ್ಕಿಲ್ಲವಲ್ಲ, ಎದ್ದ ಕೂಡಲೇ ಮೈ ಕೇಳುತ್ತದೆ. ಅರ್ಧ ಗಂಟೆಯೊಳಗೆ ಹಚ್ಚುವವರದೂ ಹೆಚ್ಚುಕಡಿಮೆ ಅದೇ ಕಥೆ. ಊಟ ಆದ ಮೇಲೆ ಒಂದು, ಸಂಜೆ ಗೆಳೆಯರ ಜೊತೆ ಇನ್ನೊಂದು ಅನ್ನುವವರು ಬೇರೆ ಗುಂಪು. ಅವರ ಚಟ ಇರೋದು ಮೈಯಲ್ಲಿ ಅನ್ನುವುದಕ್ಕಿಂತ ಜಾಗದಲ್ಲಿ, ಜೊತೆಯಲ್ಲಿ, ಬಿಡುವಿನಲ್ಲಿ. ಮೊದಲ ಗುಂಪಿನವರಿಗೆ ಔಷಧಿ ಇಲ್ಲದೆ ತುಂಬಾ ಕಷ್ಟ. ಎರಡನೇ ಗುಂಪಿನವರಿಗೆ ಔಷಧಿಗಿಂತ ಮಾತಾಡಲು ಒಬ್ಬರು ಬೇಕು.

ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೇನೆ. ಬಿಡುತ್ತಿರೋದು ಯಾರಿಗೆ ಗೊತ್ತಾದರೆ ಪರವಾಗಿಲ್ಲ, ಯಾರಿಗೆ ಗೊತ್ತಾಗಬಾರದು? ನಮ್ಮಂಥ ಊರುಗಳಲ್ಲಿ ಇದು ಸಣ್ಣ ವಿಷಯ ಅಲ್ಲ. ಜಿಲ್ಲಾಸ್ಪತ್ರೆ ಸಾಲಿನಲ್ಲಿ ನಿಂತರೆ ಹಿಂದೆ ಮುಂದೆ ಇಬ್ಬರಾದರೂ ಪರಿಚಯದವರು ಇರುತ್ತಾರೆ. ಸೇದುತ್ತಿದ್ದದ್ದೇ ಮನೆಯಲ್ಲಿ ಗೊತ್ತಿಲ್ಲದವರು ಬಿಡುತ್ತಿದ್ದೇನೆ ಎಂದು ಹೇಗೆ ಹೇಳುತ್ತಾರೆ? ಸೇದುವ ಹೆಣ್ಣುಮಕ್ಕಳೂ ಇದ್ದಾರೆ. ಅವರಂತೂ ಆಸ್ಪತ್ರೆ ಮೆಟ್ಟಿಲು ಹತ್ತುವ ಮೊದಲು ಹತ್ತು ಸಲ ಯೋಚಿಸಬೇಕಾಗುತ್ತದೆ.

ಛಲ ಇದ್ದರೆ ಸಾಕು, ಇವೆಲ್ಲ ಯಾಕೆ ಎನ್ನುವವರು ಸಿಗುತ್ತಾರೆ. ಛಲ ಬೇಕು, ಇಲ್ಲ ಅನ್ನಲ್ಲ. ಆದರೆ ಔಷಧಿ, ಸಲಹೆ ಯಾವುದೂ ಇಲ್ಲದೆ 100 ಜನ ಬಿಟ್ಟರೆ ಆರು ತಿಂಗಳು, ವರ್ಷ ಕಳೆದ ಮೇಲೂ ಸೇದದೆ ಉಳಿಯುವವರು 3ರಿಂದ 5 ಜನ. ಬಾಕಿ 95 ಜನಕ್ಕೂ ಛಲ ಇರಲಿಲ್ಲ ಅಂತೀರಾ? ಸುಮ್ನೆ ಅವರನ್ನು ಬೈದು ಏನೂ ಉಪಯೋಗ ಇಲ್ಲ. ಔಷಧಿ ಮತ್ತು ಸಲಹೆ ಎರಡೂ ಸೇರಿದಾಗ ಉಳಿಯುವವರು ಜಾಸ್ತಿ ಆಗುತ್ತಾರೆ. ಯಾವ ಔಷಧಿ, ಯಾರ ಸಲಹೆ ಅನ್ನೋದನ್ನು ಈಗ ನೋಡೋಣ.

ಒಮ್ಮೆಗೇ ಬಿಡೋದಾ, ಇಳಿಸುತ್ತಾ ಬರೋದಾ?

"ದಿನಕ್ಕೆ ಹತ್ತು ಇತ್ತು, ಈಗ ಐದಕ್ಕೆ ತಂದಿದೀನಿ" ಎನ್ನುವವರು ನಮ್ಮಲ್ಲಿ ಬಹಳ. ಒಳ್ಳೆಯದೇ. ಆದರೆ ಐದಕ್ಕೆ ಇಳಿಸಿದವರು ಒಂದೊಂದನ್ನೂ ಬೆರಳು ಸುಡುವವರೆಗೆ, ದಮ್ಮು ಕಟ್ಟಿ ಎಳೆಯುತ್ತಾರೆ. ಎಣಿಕೆ ಅರ್ಧ ಆದರೂ ಒಳಗೆ ಹೋಗುವ ಹೊಗೆ ಅರ್ಧ ಆಗಿರುವುದಿಲ್ಲ. ಹೃದಯದ ವಿಷಯದಲ್ಲಂತೂ ಈ ಲೆಕ್ಕ ಇನ್ನೂ ಕೈಕೊಡುತ್ತದೆ. ದಿನಕ್ಕೆ 20 ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಹೆಚ್ಚುತ್ತದೋ, ಬರೀ ಒಂದು ಸೇದುವವರಿಗೂ ಅದರ ಅರ್ಧದ ಹತ್ತಿರ ಹೆಚ್ಚುತ್ತದೆ. 20ರಲ್ಲಿ ಒಂದು ಭಾಗ ಅಲ್ಲ, ಅರ್ಧದ ಹತ್ತಿರ.

ಅದಕ್ಕೇ ನಾನು ಹೇಳೋದು: ಇವತ್ತಿನಿಂದ ಎರಡು ವಾರದೊಳಗೆ ಒಂದು ದಿನ ಗೊತ್ತು ಮಾಡಿ. ಅಲ್ಲಿಯವರೆಗೆ ಬೇಕಾದರೆ ಇಳಿಸುತ್ತಾ ಬನ್ನಿ. ಆ ದಿನ ಬಂದ ಮೇಲೆ ಒಂದೂ ಬೇಡ. ಯಾವ ದಿನ ಅನ್ನೋದಕ್ಕೆ ಪಂಚಾಂಗ ಬೇಕಿಲ್ಲ, ಆದರೆ ಕೆಲಸದ ಲೆಕ್ಕ ನೋಡಿಕೊಳ್ಳಿ. ತೋಟದವರು ಕಾಫಿ ಕುಯ್ಲು ಜೋರಾಗಿರುವ ವಾರ ಇಟ್ಟುಕೊಳ್ಳಬೇಡಿ. ಆಳು ಬರಲಿಲ್ಲ, ಕಣದಲ್ಲಿ ಹಣ್ಣು ಒಣಗಲಿಲ್ಲ ಎಂಬ ತಲೆಬಿಸಿಯಲ್ಲಿ ಕೈ ತಾನೇ ಜೇಬಿಗೆ ಹೋಗುತ್ತದೆ. ಹಾಗಂತ ಕುಯ್ಲು ಮುಗೀಲಿ, ಹೂಮಳೆ ಬರಲಿ, ಮಳೆಗಾಲ ಕಳೀಲಿ ಎಂದು ಮುಂದೆ ಹಾಕುತ್ತಾ ಹೋದರೆ ವರ್ಷವೇ ಮುಗಿಯುತ್ತದೆ.

ಮೊದಲ ಮೂರು ದಿನ ಕಷ್ಟ. ಸಿಟ್ಟು, ನಿದ್ದೆ ಬಾರದಿರುವುದು, ತಲೆನೋವು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು. ಒಂದು ವಾರದ ಮೇಲೆ ಇಳಿಯುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಮೈಯ ಗಲಾಟೆ ಬಹುಪಾಲು ಮುಗಿಯುತ್ತದೆ. ಸೇದಬೇಕು ಎಂಬ ಒಂದೊಂದು ಸೆಳೆತವೂ ಕೆಲವೇ ನಿಮಿಷದ್ದು. ಆ ನಿಮಿಷಗಳನ್ನು ಹೇಗೆ ದಾಟೋದು ಅನ್ನೋದೇ ಪ್ರಶ್ನೆ.

ಮಾಲೆ ಹಾಕಿ ಬಿಡುವವರು

ಔಷಧಿಗೂ ಮುಂಚೆ ಇದರ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಅತಿ ಹೆಚ್ಚು ಗಂಡಸರು ಸಿಗರೇಟು ಬಿಡೋದು ಯಾವುದೇ ಡಾಕ್ಟರ ಮಾತಿಗಲ್ಲ, ಅಯ್ಯಪ್ಪನ ಮಾಲೆಗೆ. ನವೆಂಬರ್ ಮಧ್ಯದಿಂದ ಮಕರಜ್ಯೋತಿಯವರೆಗೆ ಎಷ್ಟೋ ಜನ ಪ್ಯಾಕು ಮುಟ್ಟುವುದಿಲ್ಲ. ದಿನಕ್ಕೆ ಒಂದು ಪ್ಯಾಕು ಸೇದುವವರೂ 41 ದಿನ, 48 ದಿನ ಆರಾಮಾಗಿ ಇರುತ್ತಾರೆ. ಮಾಲೆ ಬಿಚ್ಚಿದ ಸಂಜೆ ಗೂಡಂಗಡಿ ಮುಂದೆ ನಿಂತಿರುತ್ತಾರೆ.

ಇದನ್ನು ನೋಡಿ ನಗುವವರಿದ್ದಾರೆ. ನಗುವಂಥದ್ದು ಏನೂ ಇಲ್ಲ. ನಲವತ್ತು ದಿನ ಕಳೆದವರ ಮೈಯಲ್ಲಿ ನಿಕೋಟಿನ್ ಬೇಡಿಕೆ ಮುಗಿದು ವಾರಗಳಾಗಿರುತ್ತವೆ. ಅತಿ ಕಷ್ಟದ ಭಾಗ ದಾಟಿ ಆಗಿದೆ. ದಾಟಿಸಿದ್ದು ಏನು? ಬೆಳಗಿನ ಜಾವದ ತಣ್ಣೀರು ಸ್ನಾನ, ಎರಡು ಹೊತ್ತಿನ ಪೂಜೆ, ಕೇಳೋಕೆ ಒಬ್ಬ ಗುರುಸ್ವಾಮಿ, ಸುತ್ತ "ಸ್ವಾಮಿ" ಎಂದು ಕರೆಯುವ ಹತ್ತು ಜನ. "ಒಂದು ದಮ್ಮು ಎಳಿ" ಎಂದು ಯಾರೂ ಕೈ ಚಾಚುವುದಿಲ್ಲ. ಮಾಲೆ ಬಿಚ್ಚಿದ ದಿನ ಇಷ್ಟೂ ಒಂದೇ ಸಲಕ್ಕೆ ಹೋಗಿಬಿಡುತ್ತದೆ. ಗೆಳೆಯರು ಅದೇ ದಿನ ಕೈ ಚಾಚುತ್ತಾರೆ. ಇದಕ್ಕೆ ಬೇಕಾದದ್ದು ಮುಂದಿನ ತಿಂಗಳಿಗೆ ಬೇರೆ ಆಸರೆ. ಮಾಲೆ ಹಾಕಿ ಬಿಟ್ಟವರು ಕೊನೆಯ ವಾರದಲ್ಲೇ ಕೆಳಗೆ ಹೇಳಿರುವ ಫೋನ್ ನಂಬರಿಗೆ ಮಾತಾಡಿ, ಮುಂದಿನ ಫೋನು ಯಾವತ್ತು ಅಂತ ಗೊತ್ತು ಮಾಡಿಕೊಳ್ಳಿ. ಇವರಿಗೆ ಗಮ್ಮು, ಪ್ಯಾಚು ಬಹುಪಾಲು ಬೇಕಾಗುವುದೇ ಇಲ್ಲ.

ರಂಜಾನ್ ಉಪವಾಸ ಇರುವವರಿಗೂ ಇದೇ ಮಾತು. ಹಗಲೆಲ್ಲ ಸೇದದೆ ಇದ್ದಾಗಿದೆ, ಇಫ್ತಾರ್ ಆದ ಮೇಲಿನ ಕೆಲವು ಗಂಟೆ ಮಾತ್ರ ಬಾಕಿ.

ಗಮ್

ಸುಲಭವಾಗಿ ಸಿಗುವುದು ಇದು. 2 ಮಿ.ಗ್ರಾಂ ನಿಕೋಟಿನ್ ಗಮ್‌ಗೆ ಡಾಕ್ಟರ ಚೀಟಿ ಬೇಡ. 4 ಮಿ.ಗ್ರಾಂದಕ್ಕೆ ಚೀಟಿ ಬೇಕು. ನಿಕೋಟೆಕ್ಸ್ ಅಂತ ಕೇಳಿದರೆ ಸಣ್ಣ ಊರಿನ ಮೆಡಿಕಲ್‌ನಲ್ಲೂ ಕೊಡುತ್ತಾರೆ. ಒಂದು ಗಮ್‌ನ ಬೆಲೆ ಹತ್ತಿರ ಹತ್ತಿರ ಒಂದು ಸಿಗರೇಟಿನಷ್ಟು. ಹಾಗಾಗಿ ದುಬಾರಿ ಎಂಬ ಮಾತು ಸಿಗರೇಟು ಸೇದುವವರ ಬಾಯಲ್ಲಿ ನಿಲ್ಲುವುದಿಲ್ಲ. ಬೀಡಿ ಸೇದುವವರಿಗೆ ನಿಜವಾಗಿಯೂ ದುಬಾರಿ.

ಗಮ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಅಗಿದದ್ದೇ ಸರಿ ಇರುವುದಿಲ್ಲ. ಒಬ್ಬ ತೋಟದ ರೈಟರು ಒಂದು ಸ್ಟ್ರಿಪ್ ತಗೊಂಡು ನಮ್ಮ ಅಂಗಡಿ ಮೆಟ್ಟಿಲ ಮೇಲೇ ಎರಡನ್ನು ಒಟ್ಟಿಗೆ ಬಾಯಿಗೆ ಹಾಕಿದರು. ಬಬಲ್‌ಗಮ್ ಅಗಿದ ಹಾಗೆ ಚಪಚಪ ಅಗಿದು ಜೊಲ್ಲು ನುಂಗಿದರು. ಬೈಕು ಸ್ಟಾರ್ಟ್ ಮಾಡುವಷ್ಟರಲ್ಲಿ ಬಿಕ್ಕಳಿಕೆ ಹತ್ತಿತು. ಎದೆ ಹಿಡಿದುಕೊಂಡು ಒಳಗೆ ಬಂದರು. "ಇದು ನಮ್ಮ ಮೈಗೆ ಆಗಿ ಬರಲ್ಲ ಸಾರ್, ವಾಪಸ್ ತಗೊಳಿ" ಅಂದರು. ನೀರು ಕೊಟ್ಟು ಕೂರಿಸಿ ಹೇಳಿದೆ: ಒಂದೇ ಹಾಕಬೇಕು. ನಿಧಾನಕ್ಕೆ ನಾಲ್ಕಾರು ಸಲ ಅಗಿಯಬೇಕು. ನಾಲಿಗೆಗೆ ಮೆಣಸಿನ ಹಾಗೆ ಚುರುಚುರು ಅಂದ ಕೂಡಲೇ ನಿಲ್ಲಿಸಿ, ಎಲೆಅಡಿಕೆ ಒತ್ತರಿಸುವ ಹಾಗೆ ಕೆನ್ನೆ ಸಂದಿಗೆ ಒತ್ತರಿಸಬೇಕು. ಚುರುಚುರು ಹೋದ ಮೇಲೆ ಮತ್ತೆ ನಾಲ್ಕು ಸಲ ಅಗಿದು, ಇನ್ನೊಂದು ಕಡೆ ಒತ್ತರಿಸಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಕೆನ್ನೆಯ ಒಳಚರ್ಮದಿಂದ ರಕ್ತಕ್ಕೆ ಹೋಗಬೇಕು. ಜೊಲ್ಲಿನ ಜೊತೆ ಹೊಟ್ಟೆಗೆ ಹೋದರೆ ಬಿಕ್ಕಳಿಕೆ, ಎದೆಯುರಿ ಅಷ್ಟೇ ಸಿಗೋದು. ಎಲೆಅಡಿಕೆ ಮಾತು ಬಂದ ಕೂಡಲೇ ಅವರಿಗೆ ಅರ್ಥ ಆಯಿತು.

ಎಷ್ಟು ಬೇಕು? ಮೊದಲ ಆರು ವಾರ ಒಂದೆರಡು ಗಂಟೆಗೊಂದು. ಆಮೇಲೆ ಅಂತರ ಹೆಚ್ಚಿಸುತ್ತಾ ಮೂರು ತಿಂಗಳಿಗೆ ನಿಲ್ಲಿಸುವ ಹಾಗೆ. ದಿನಕ್ಕೆ 24 ದಾಟಬಾರದು. ತುಂಬಾ ಜನ ದಿನಕ್ಕೆ ಎರಡೋ ಮೂರೋ ಅಗಿದು, ಸಾಲಲಿಲ್ಲ ಎಂದು ಸಿಗರೇಟಿಗೆ ವಾಪಸ್ ಹೋಗುತ್ತಾರೆ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ 2 ಮಿ.ಗ್ರಾಂ ಸಾಲದೇ ಹೋಗಬಹುದು, 4ರ ಬಗ್ಗೆ ಡಾಕ್ಟರನ್ನು ಕೇಳಿ. ಹಲ್ಲಿನ ಸೆಟ್ ಹಾಕಿಕೊಂಡವರಿಗೆ ಗಮ್ ಅಂಟಿಕೊಳ್ಳುತ್ತದೆ. ಅವರು ಚೀಪುವ ಲಾಜೆಂಜ್ ಕೇಳಲಿ.

ಕಾಫಿ ಕುಡಿಯುವವರ ಲೆಕ್ಕ ಬೇರೆ

ನಮ್ಮ ಎರಡು ಜಿಲ್ಲೆಯವರು ಇದನ್ನು ಓದಲೇಬೇಕು. ಗಮ್‌ನ ಕವರಿನ ಮೇಲೆ ಸಣ್ಣಕ್ಷರದಲ್ಲಿ ಇರುತ್ತದೆ, ಯಾರೂ ಓದುವುದಿಲ್ಲ. ಕಾಫಿ ಕುಡಿದರೆ ಬಾಯಿ ಹುಳಿ ಆಗುತ್ತದೆ, ಆ ಹುಳಿಯಲ್ಲಿ ನಿಕೋಟಿನ್ ಕೆನ್ನೆಯಿಂದ ಒಳಗೆ ಹೋಗುವುದಿಲ್ಲ. ಗಮ್ ಹಾಕುವ 15 ನಿಮಿಷ ಮುಂಚೆ, ಹಾಕಿಕೊಂಡಿರುವಾಗ ಕಾಫಿ, ನಿಂಬೆ ಷರಬತ್ತು, ಸೋಡಾ ಬೇಡ. ಬೆಳಗಿನ ಕಾಫಿ ಜೊತೆಗೇ ಸೇದುತ್ತಿದ್ದವರು ಸಿಗರೇಟಿನ ಬದಲು ಕಾಫಿ ಜೊತೆಗೇ ಗಮ್ ಹಾಕಿದರೆ ದುಡ್ಡು ದಂಡ.

ಇನ್ನೊಂದು ಇದಕ್ಕಿಂತ ದೊಡ್ಡದು. ಹೊಗೆಯಲ್ಲಿರುವ ಟಾರಿನ ಅಂಶಗಳು ಲಿವರನ್ನು ಚುರುಕು ಮಾಡಿ ಕೆಫೀನನ್ನು ಬೇಗ ಬೇಗ ಹೊರಗೆ ಹಾಕಿಸುತ್ತಿರುತ್ತವೆ. ಸಿಗರೇಟು ನಿಂತ ಕೆಲವೇ ದಿನಕ್ಕೆ ಲಿವರು ಮಾಮೂಲಿಗೆ ಬರುತ್ತದೆ. ಆಗ ಅದೇ ಲೋಟ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ರಕ್ತದಲ್ಲಿ ಕೆಫೀನ್ ಸುಮಾರು ಎರಡರಷ್ಟು ಆಗಬಹುದು. ಕೈ ನಡುಕ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ, ಸುಮ್ಮನೆ ಸಿಟ್ಟು. ಅವರು "ಸಿಗರೇಟು ಬಿಟ್ಟಿದ್ದಕ್ಕೇ ಹಿಂಗಾಗಿದೆ" ಎಂದು ಒಂದು ಹಚ್ಚುತ್ತಾರೆ. ಅರ್ಧ ಕಾರಣ ಕಾಫಿ. ದಿನಕ್ಕೆ ಆರು ಲೋಟ ಕುಡಿಯುವವರು ಬಿಡುವ ದಿನದಿಂದಲೇ ಮೂರಕ್ಕೆ ತನ್ನಿ. ಕಾಫಿ ಬಿಡಿ ಅನ್ನುವಷ್ಟು ಕಟುಕ ನಾನಲ್ಲ, ನಮ್ಮ ಊರಲ್ಲಿ ಹಾಗೆ ಹೇಳಿ ಬದುಕೋಕೂ ಆಗಲ್ಲ. ಬೈಟು ಮಾಡಿಕೊಳ್ಳಿ. ಕುಡಿಯುವ ಜಾಗ ಬದಲಾಯಿಸಿ. ಹೋಟೆಲ್ ಹೊರಗೆ ನಿಂತು ಕುಡಿಯುತ್ತಿದ್ದವರು ಒಳಗೆ ಕೂತು ಕುಡಿಯಿರಿ.

ಪ್ಯಾಚ್

ಚರ್ಮಕ್ಕೆ ಅಂಟಿಸುವ ಪಟ್ಟಿ. ಬೆಳಗ್ಗೆ ಒಂದು ಅಂಟಿಸಿದರೆ ದಿನವಿಡೀ ಸಮನಾಗಿ ನಿಕೋಟಿನ್ ಕೊಡುತ್ತದೆ. 21, 14, 7 ಮಿ.ಗ್ರಾಂ ಎಂದು ಮೂರು ಬಗೆ. ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸೇದುತ್ತಿದ್ದವರು ಸಾಮಾನ್ಯವಾಗಿ 21ರಿಂದ ಶುರು ಮಾಡಿ ಆರು ವಾರದ ಮೇಲೆ ಇಳಿಸುತ್ತಾರೆ. ಅಗಿಯುವ ರಗಳೆ ಇಲ್ಲ, ಅಂಗಿ ಒಳಗಿದ್ದರೆ ಯಾರಿಗೂ ಕಾಣುವುದಿಲ್ಲ, ಕಾಫಿ ಜೊತೆ ಜಗಳ ಇಲ್ಲ. ಪಾಠ ಮಾಡುವ ಮೇಷ್ಟ್ರು, ಬ್ಯಾಂಕಿನವರು, ಆಫೀಸಿನವರಿಗೆ ಗಮ್‌ಗಿಂತ ಇದೇ ಅನುಕೂಲ.

ಕೊರತೆಯೂ ಇದೆ. ನಮ್ಮಂಥ ಊರಲ್ಲಿ ಹೇಳಿ ತರಿಸಬೇಕು, ದುಡ್ಡು ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರದ ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆಯೊಳಗೆ ಬೆವರಿ ಕೆಲಸ ಮಾಡುವವರ ಮೈಮೇಲೆ ಅದು ನಿಲ್ಲುವುದು ಕಷ್ಟ. ಕೂದಲಿಲ್ಲದ, ಒಣಗಿದ ಜಾಗಕ್ಕೆ ಒತ್ತಿ ಅಂಟಿಸಬೇಕು, ದಿನಾ ಜಾಗ ಬದಲಿಸಬೇಕು. ಇಲ್ಲದಿದ್ದರೆ ಕೆರೆತ. ರಾತ್ರಿ ವಿಚಿತ್ರ ಕನಸು ಬಿದ್ದರೆ ಮಲಗುವಾಗ ತೆಗೆದಿಡಿ.

ಗಮ್ಮೋ ಪ್ಯಾಚೋ ಅಂದರೆ ನನ್ನ ಉತ್ತರ ಎರಡೂ. ಪ್ಯಾಚ್ ದಿನವಿಡೀ ಹಿಡಿದಿಡುತ್ತದೆ, ಊಟ ಆದ ಮೇಲಿನ ಆ ಹತ್ತು ನಿಮಿಷಕ್ಕೆ ಒಂದು ಗಮ್. ಎರಡರಲ್ಲಿ ಒಂದನ್ನೇ ಬಳಸಿದವರಿಗಿಂತ ಒಟ್ಟಿಗೆ ಬಳಸಿದವರು ಹೆಚ್ಚು ಜನ ಬಿಡುತ್ತಾರೆ. ಇಷ್ಟು ನಿಕೋಟಿನ್ ಒಳಗೆ ಹೋದರೆ ಅದೂ ಚಟ ಅಲ್ವಾ ಎಂದು ಕೇಳುತ್ತಾರೆ. ಕೊಲ್ಲುವುದು ಹೊಗೆಯ ಟಾರು, ಕಾರ್ಬನ್ ಮೋನಾಕ್ಸೈಡು. ಗಮ್‌ನಲ್ಲಿ ಅವೆರಡೂ ಇಲ್ಲ. ಆದರೂ ಈಚೆಗೆ ಹೃದಯಾಘಾತ ಆದವರು, ಬಸುರಿಯರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು.

ಮಾತ್ರೆ

ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಎರಡು ಮಾತ್ರೆ. ಎರಡಕ್ಕೂ ಚೀಟಿ ಬೇಕು, ಚೀಟಿ ಇಲ್ಲದೆ ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ. ಒಂದೇ ಔಷಧಿ ಆರಿಸಬೇಕೆಂದರೆ ವರೆನಿಕ್ಲಿನ್ ಬಲ ಜಾಸ್ತಿ. ಔಷಧಿಯೇ ಇಲ್ಲದ ಖಾಲಿ ಮಾತ್ರೆ ತಗೊಂಡವರಿಗೆ ಹೋಲಿಸಿದರೆ ಇದನ್ನು ತಗೊಂಡು ಬಿಟ್ಟವರು ಎರಡು ಪಟ್ಟಿಗಿಂತ ಹೆಚ್ಚು. ಗಮ್ ಅಥವಾ ಪ್ಯಾಚ್ ಒಂದನ್ನೇ ಬಳಸಿದರೆ ಸುಮಾರು ಒಂದೂವರೆ ಪಟ್ಟು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಂಬಾಕು ಬಿಡಿಸುವ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಇವೆಲ್ಲ ಇವೆ.

ವರೆನಿಕ್ಲಿನ್ ಶುರು ಮಾಡಿದ ವಾರ ಸೇದುತ್ತಲೇ ಇರಬಹುದು. ಡೋಸು ಮೆಲ್ಲಗೆ ಏರುತ್ತದೆ, ಎರಡನೇ ವಾರ ಬಿಡಬೇಕು, ಒಟ್ಟು 12 ವಾರ. ಮಾತ್ರೆ ಕೆಲಸ ಮಾಡುತ್ತಿದ್ದರೆ ಸಿಗರೇಟು ಸಪ್ಪೆ ಎನಿಸುತ್ತದೆ, ಎಳೆದರೂ ಮಜಾ ಸಿಗುವುದಿಲ್ಲ. ವಾಕರಿಕೆ ಬಹಳ ಜನಕ್ಕೆ ಬರುತ್ತದೆ. ಊಟ ಆದ ಮೇಲೆ ತುಂಬಿದ ಲೋಟ ನೀರಿನ ಜೊತೆ ತಗೊಂಡರೆ ಕಡಿಮೆ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಈ ಮಾತ್ರೆಯಿಂದ ತಲೆ ಕೆಡುತ್ತದೆ ಎಂಬ ಭಯ ಒಂದು ಕಾಲದಲ್ಲಿ ಇತ್ತು. ದೊಡ್ಡ ಪರೀಕ್ಷೆಯೊಂದರಲ್ಲಿ ಹಾಗೇನೂ ಕಾಣದೆ ಅಮೆರಿಕದಲ್ಲಿ 2016ರ ಕೊನೆಗೆ ಆ ಕಟ್ಟೆಚ್ಚರಿಕೆ ತೆಗೆದರು. ಆದರೂ ಮನಸ್ಸು ತೀರಾ ಕುಗ್ಗಿದರೆ ಸುಮ್ಮನಿರಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಶಿರಾಡಿ, ಚಾರ್ಮಾಡಿ ಘಾಟಿನಲ್ಲಿ ಗಾಡಿ ಓಡಿಸುವವರಿಗೆ ಒಂದು ಮಾತು: ಈ ಮಾತ್ರೆ ಕೆಲವರಿಗೆ ತಲೆಸುತ್ತು, ತೂಕಡಿಕೆ ತರುತ್ತದೆ. ಮೊದಲ ದಿನಗಳಲ್ಲಿ ಮೈಗೆ ಹೇಗಿದೆ ನೋಡಿಕೊಂಡೇ ಸ್ಟೇರಿಂಗು ಹಿಡಿಯಿರಿ.

ಬುಪ್ರೊಪಿಯಾನ್ ಖಿನ್ನತೆಗೂ ಕೊಡುವ ಮಾತ್ರೆ. ಫಿಟ್ಸ್ ಬಂದವರಿಗೆ ಇದು ಬೇಡವೇ ಬೇಡ.

ಫೋನ್

1800-11-2356. ಹಣ ಕಟ್ ಆಗುವುದಿಲ್ಲ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಸೋಮವಾರ ರಜೆ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಎಂದು 2016ರಲ್ಲಿ ದೆಹಲಿಯ ಆಸ್ಪತ್ರೆಯೊಂದರಲ್ಲಿ ಶುರುವಾದದ್ದು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರ ಆಯಿತು. ಹಾಗಾಗಿ ಕನ್ನಡದಲ್ಲೇ ಮಾತಾಡಬಹುದು. ಈ ನಂಬರು ಪ್ರತಿ ಸಿಗರೇಟು ಪ್ಯಾಕಿನ ಮೇಲೂ 2018ರಿಂದ ಇದೆ. ಆದರೆ ನಮ್ಮಲ್ಲಿ ಪ್ಯಾಕು ಕೊಳ್ಳುವವರು ಎಷ್ಟು ಜನ? ಬಿಡಿ ಸಿಗರೇಟು ಮಾರಬಾರದು ಎಂದು ರಾಜ್ಯದಲ್ಲಿ ಆದೇಶ ಇದ್ದರೂ ಗೂಡಂಗಡಿಯಲ್ಲಿ ಒಂದೊಂದೇ ಕೊಂಡು ಸೇದುವವರೇ ಜಾಸ್ತಿ. ಅವರ ಕಣ್ಣಿಗೆ ಈ ನಂಬರು ಬೀಳುವುದೇ ಇಲ್ಲ.

ಫೋನ್ ಎತ್ತಿದವರು ಎಷ್ಟು ವರ್ಷದಿಂದ ಸೇದುತ್ತೀರಿ, ಯಾವಾಗ ಸೇದುತ್ತೀರಿ, ಹಿಂದೆ ಬಿಟ್ಟಿದ್ದಿರಾ ಎಂದು ಕೇಳುತ್ತಾರೆ. ಬಿಡುವ ದಿನ ನಿಮ್ಮ ಜೊತೆ ಕೂಡಿ ಗೊತ್ತು ಮಾಡುತ್ತಾರೆ. ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ. ನನ್ನ ಪ್ರಕಾರ ಇದರ ಬೆಲೆ ಇರೋದು ಆ ವಾಪಸ್ ಬರುವ ಫೋನಿನಲ್ಲಿ. ಯಾರೋ ಕೇಳುತ್ತಾರೆ ಅಂತ ಗೊತ್ತಿದ್ದರೆ ಕೈ ಸ್ವಲ್ಪ ತಡೆಯುತ್ತದೆ. ಯಾರ ಮುಖವೂ ನೋಡಬೇಕಿಲ್ಲ, ಊರವರಿಗೆ ಗೊತ್ತಾಗುವುದಿಲ್ಲ. ಗುಟ್ಟು ಬೇಕಾದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಸೋಮವಾರ ಅಥವಾ ನಡುರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಮಾಡಿ. ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ, 2022ರಲ್ಲಿ ಶುರುವಾಯಿತು, 24 ಗಂಟೆಯೂ ಇರುತ್ತದೆ. ತಂಬಾಕಿಗೆಂದೇ ಇರುವುದಲ್ಲ, ಆದರೆ ಮನಸ್ಸಿನ ಕಳವಳಕ್ಕೆ ಮಾತಾಡಲು ಒಬ್ಬರು ಸಿಗುತ್ತಾರೆ. ಶೃಂಗೇರಿ, ಕೊಪ್ಪದ ಕಡೆ ಗುಡ್ಡ ಹತ್ತಿದರೆ ಮಾತ್ರ ಟವರ್ ಸಿಗುವ ಮನೆಗಳಿವೆ. ಅಂಥವರು ಪೇಟೆಗೆ ಬಂದ ದಿನವೇ ಫೋನ್ ಮಾಡಿ, ಯಾವ ಹೊತ್ತಿಗೆ ಸಿಗುತ್ತೀರಿ ಅಂತ ಅವರಿಗೆ ಮೊದಲೇ ಹೇಳಿಬಿಡಿ.

ಆಸ್ಪತ್ರೆ

ಹಾಸನದಲ್ಲಿ ಹಿಮ್ಸ್ ಎಂಬ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟದಲ್ಲಿ ತಂಬಾಕು ಬಿಡಿಸುವ ಕೇಂದ್ರದ ವ್ಯವಸ್ಥೆ ಇದೆ. ಓಪಿಡಿ ಚೀಟಿ ಮಾಡಿಸುವಾಗ ಆ ಕೇಂದ್ರ ಎಲ್ಲಿ ಎಂದು ಕೇಳಿ. ಕೌಂಟರಿನವರು ಮುಖ ಮುಖ ನೋಡಿಕೊಂಡರೆ ಮನೋವೈದ್ಯರ ವಿಭಾಗಕ್ಕೆ ಚೀಟಿ ಮಾಡಿಸಿ. ಮನೋವೈದ್ಯರು ಅಂದ ಕೂಡಲೇ ಹಿಂಜರಿಯಬೇಡಿ, ಚಟ ಬಿಡಿಸುವುದು ಅವರದೇ ಕೆಲಸ. ನಾಚಿಕೆ ಆಗುವವರಿಗೆ ಒಂದು ಉಪಾಯ ಇದೆ: ಹಲ್ಲಿನ ಡಾಕ್ಟರ್. ದಂತ ಕಾಲೇಜುಗಳಲ್ಲೂ ತಂಬಾಕು ಬಿಡಿಸುವ ಸಲಹೆ ಕೊಡುತ್ತಾರೆ, ಹಾಸನದಲ್ಲಿ ಹಾಸನಾಂಬ ದಂತ ಕಾಲೇಜು ಇದೆ. ಹಲ್ಲು ತೋರಿಸೋಕೆ ಹೋಗಿದ್ದೆ ಅಂದರೆ ಯಾರು ಬೇಡ ಅಂತಾರೆ?

ಸೇದುವುದರ ಜೊತೆ ಕುಡಿತವೂ ಜೋರಾಗಿದ್ದರೆ ಗಮ್ಮು, ಫೋನು ಸಾಲುವುದಿಲ್ಲ, ಆಸ್ಪತ್ರೆಯೇ ಸರಿ. ಒಂದು ಪೆಗ್ ಒಳಗೆ ಹೋದ ಮೇಲೆ ಸಿಗರೇಟು ಬೇಡ ಎನ್ನುವ ಗಟ್ಟಿತನ ಯಾರಿಗೂ ಇರುವುದಿಲ್ಲ.

ಮನೆಯವರು, ಗೆಳೆಯರು

ಎಲ್ಲರಿಗೂ ಹೇಳೋದಾ, ಒಬ್ಬರಿಗೇ ಹೇಳೋದಾ? ವಾಟ್ಸಾಪ್ ಸ್ಟೇಟಸ್ ಹಾಕುವವರನ್ನು ನೋಡಿದ್ದೇನೆ. ಮೂರನೇ ದಿನಕ್ಕೆ ಜಾರಿದರೆ ಊರಿಗೆಲ್ಲ ಉತ್ತರ ಕೊಡಬೇಕಾಗುತ್ತದೆ, ಕೊನೆಗೆ ಕದ್ದು ಸೇದುವುದು ಶುರುವಾಗುತ್ತದೆ. ಇಬ್ಬರಿಗೆ ಹೇಳಿ. ಒಬ್ಬರು ಮನೆಯಲ್ಲಿ, ಇನ್ನೊಬ್ಬರು ನಿಮ್ಮ ಜೊತೆ ಸೇದುತ್ತಿದ್ದವರು. ಎರಡನೆಯವರಿಗೆ ಹೇಳುವುದು ಮುಖ್ಯ: "ನೀನು ಸೇದು, ಬೇಡ ಅನ್ನಲ್ಲ. ನನಗೆ ಮಾತ್ರ ಕೊಡಬೇಡ. ನಾನು ಕೇಳಿದ್ರೂ ಕೊಡಬೇಡ."

ಮನೆಯವರಿಗೂ ಒಂದು ಮಾತು. ಬಂದ ಕೂಡಲೇ ಬಾಯಿ ಮೂಸಬೇಡಿ. "ಇವತ್ತು ಸೇದಿದ್ರಾ" ಎಂದು ದಿನಾ ಕೇಳಬೇಡಿ. ಮೊದಲ ವಾರ ಅವರು ಸಣ್ಣದಕ್ಕೆಲ್ಲ ರೇಗುತ್ತಾರೆ, ಆ ವಾರ ಸಾಲದ ವಿಷಯ, ಜಮೀನಿನ ವಿಷಯ ಎತ್ತಬೇಡಿ. ಹುರಿಗಡಲೆ, ಕಡಲೆಬೀಜ ಕೈಗೆ ಸಿಗುವ ಹಾಗೆ ಇಡಿ. ತೂಕ ಒಂದಿಷ್ಟು ಏರುತ್ತದೆ, ವರ್ಷದಲ್ಲಿ ನಾಲ್ಕೈದು ಕೆಜಿ ಮಾಮೂಲು. ಅದಕ್ಕೆ ಈಗಲೇ ಡಯೆಟ್ ಹಿಡಿಸಬೇಡಿ, ಒಂದು ಯುದ್ಧ ಸಾಕು.

ದಾರಿ ಅಲ್ಲದ ದಾರಿಗಳು

ಸಿಗರೇಟು ಬಿಟ್ಟು ಬೀಡಿಗೆ ಇಳಿಯುವುದು ಬಿಟ್ಟಂತಲ್ಲ. ಎಲೆಯಲ್ಲಿ ಸುತ್ತಿದ್ದು, ಅಷ್ಟು ಕೆಟ್ಟದ್ದಲ್ಲ ಎಂಬ ಮಾತು ತೋಟದ ಲೈನ್ ಮನೆಗಳಲ್ಲಿ ಈಗಲೂ ಇದೆ. ಬೀಡಿ ಎಲೆಯಲ್ಲಿ ಗಾಳಿ ಆಡುವುದಿಲ್ಲ, ಆರದಂತೆ ಜೋರಾಗಿ ಎಳೆಯಲೇಬೇಕು, ಟಾರು ನಿಕೋಟಿನ್ ಸಿಗರೇಟಿಗಿಂತ ಕಡಿಮೆ ಏನೂ ಇಲ್ಲ. ಸೇದೋದು ಬಿಟ್ಟೆ ಎಂದು ಎಲೆಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಿಡಿದವರು ಶ್ವಾಸಕೋಶದಿಂದ ಬಾಯಿಗೆ ಕಾಯಿಲೆ ವರ್ಗಾಯಿಸಿದಂತೆ. ಇ-ಸಿಗರೇಟು ದೇಶದಲ್ಲಿ 2019ರಿಂದ ನಿಷೇಧ. ಕದ್ದು ಸಿಗುವುದರಲ್ಲಿ ಏನಿದೆಯೋ ಯಾರಿಗೆ ಗೊತ್ತು? ಹರ್ಬಲ್ ಸಿಗರೇಟಿನಲ್ಲಿ ತಂಬಾಕು ಇಲ್ಲದಿದ್ದರೂ ಸುಟ್ಟ ಎಲೆಯ ಟಾರು ಇದ್ದೇ ಇದೆ.

ಅರಕಲಗೂಡು ಕಡೆಯವರಿಗೆ ಇದು ಇನ್ನೂ ಮುಜುಗರದ ವಿಷಯ. ರಾಮನಾಥಪುರದಲ್ಲಿ ತಂಬಾಕು ಹರಾಜು ನಡೆಯುತ್ತದೆ, ಎಷ್ಟೋ ಮನೆಗಳ ಸಾಲ ತೀರುವುದು, ಮದುವೆ ಆಗುವುದು ಅದರಿಂದಲೇ. ಬೆಳೆಯುವುದು ಹೊಟ್ಟೆಪಾಡು. ಬೆಳೆದವರು ಸೇದಲೇಬೇಕು ಅಂತೇನೂ ಇಲ್ಲವಲ್ಲ.

ಹಾಗಾದರೆ ಯಾರಿಗೆ ಯಾವುದು?

ಎದ್ದ ಕೂಡಲೇ ಬೇಕಾದವರು, ದಿನಕ್ಕೆ ಪ್ಯಾಕಿನ ಹತ್ತಿರ ಸೇದುವವರು ಡಾಕ್ಟರನ್ನು ನೋಡಿ ವರೆನಿಕ್ಲಿನ್, ಇಲ್ಲವೇ ಪ್ಯಾಚ್ ಮತ್ತು ಗಮ್ ಒಟ್ಟಿಗೆ. ಜೊತೆಗೆ ಫೋನು. ದಿನಕ್ಕೆ ಐದಾರು ಸೇದುವವರಿಗೆ 2 ಮಿ.ಗ್ರಾಂ ಗಮ್ಮು, ಫೋನು ಸಾಕು. ವಾರಕ್ಕೆರಡು ಸಲ ಗೆಳೆಯರ ಜೊತೆ ಸೇದುವ ಕಾಲೇಜು ಹುಡುಗರಿಗೆ ಗಮ್ ಕೊಡಲು ನನಗೆ ಮನಸ್ಸಿಲ್ಲ. ಅವರು ನಿಲ್ಲುವ ಜಾಗ ಬದಲಾಯಿಸಲಿ. ಈಗ ರಾಜ್ಯದಲ್ಲಿ 21 ವರ್ಷ ಆಗದವರಿಗೆ ಮಾರುವಂತೆಯೇ ಇಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 1000 ರೂಪಾಯಿವರೆಗೆ. ಬೀಡಿ ಸೇದುವ, ಗಮ್‌ಗೆ ದುಡ್ಡಿಲ್ಲದವರು ಫೋನ್ ಮಾಡಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ನಿಕೋಟಿನ್ ಔಷಧಿ ಇದೆಯಾ ಎಂದು ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ನಡುವೆ ಒಂದು ಸೇದಿಬಿಟ್ಟರೆ ಪ್ಯಾಚ್ ಕಿತ್ತೆಸೆಯಬೇಡಿ, ಮಾತ್ರೆ ನಿಲ್ಲಿಸಬೇಡಿ. ಅವತ್ತೇ ಫೋನ್ ಮಾಡಿ, ಎಲ್ಲಿ, ಯಾರ ಜೊತೆ, ಯಾವ ಹೊತ್ತಲ್ಲಿ ಆಯಿತು ಅಂತ ಹೇಳಿ. ಮುಂದಿನ ಸಲಕ್ಕೆ ಏನು ಮಾಡಬೇಕು ಅನ್ನೋದು ಆ ಉತ್ತರದಲ್ಲೇ ಇರುತ್ತದೆ.

ಕೊನೆಗೆ, ಉಬ್ಬಸಕ್ಕೆ ಡೆರಿಫಿಲಿನ್ ಥರದ ಮಾತ್ರೆ ವರ್ಷಗಟ್ಟಲೆ ನುಂಗುತ್ತಿರುವ ಹಿರಿಯರು ನಮ್ಮ ಮಲೆನಾಡಿನಲ್ಲಿ ಬಹಳ. ಅದರಲ್ಲಿರುವ ಥಿಯೋಫಿಲಿನ್ ಕೂಡ ಕಾಫಿಯ ಕೆಫೀನಿನ ಹಾಗೇ. ಸಿಗರೇಟು, ಬೀಡಿ ನಿಂತ ಮೇಲೆ ಮೈಯಲ್ಲಿ ಜಾಸ್ತಿ ಉಳಿಯುತ್ತದೆ. ವಾಂತಿ, ಎದೆಬಡಿತ ಬರಬಹುದು, ಡೋಸು ಇಳಿಸಬೇಕಾಗಬಹುದು. ಇನ್ಸುಲಿನ್ ತಗೊಳ್ಳುವವರ ಸಕ್ಕರೆ ಲೆಕ್ಕವೂ ಬದಲಾಗಬಹುದು. ಬಿಡುವ ದಿನಕ್ಕೆ ಮುಂಚೆ ನಿಮ್ಮ ಹಳೇ ಔಷಧಿ ಚೀಟಿಗಳನ್ನೆಲ್ಲ ಹಿಡಿದುಕೊಂಡು ಒಮ್ಮೆ ಡಾಕ್ಟರ ಹತ್ತಿರ ಹೋಗಿ ಬನ್ನಿ.